ಹರಣಿಯ ಪಕ್ಕೆಲುಬು

ಬಸುರಿ ತಂಗಿಯ ಕುಬಸಕ್ಕೆಂದು ರಜೆ ಹಾಕಿ ನಾನು ಬನಹಟ್ಟಿಗೆ ಬಂದಿಳಿದ ಮರುದಿನವೇ ಮಸ್ಕತ್‌ನಿಂದ ನಮ್ಮ ಸಂಪಾದಕಿಯ ಕರೆ ಬಂತು. ನಮ್ಮ ಓಣಿಯಲ್ಲಿ ಎಡಕ್ಕೂ ಬಲಕ್ಕೂ ಪವರ್‌ಲೂಮ್‌ಗಳು. ಹೊರಗಿನವರ ಕಿವಿಗೆ ಅದು ಗದ್ದಲ. ನಮಗೆ ಕರೆಂಟು ಹೋಗಿ ಸದ್ದು ನಿಂತರೇನೇ ನಿದ್ದೆ ಹಾರುತ್ತದೆ. ಫೋನಿನಲ್ಲಿ ಆಕೆಯ ಮೊದಲ ಪ್ರಶ್ನೆ, "ನೀನು ಯಾವುದಾದರೂ ಕಾರ್ಖಾನೆಯಲ್ಲಿದ್ದೀಯಾ?" ಮನೆಯಲ್ಲಿದ್ದೇನೆ ಎಂದೆ. ನಂಬಿದ ಹಾಗೆ ಕಾಣಲಿಲ್ಲ.

ನಾನು ಮಸ್ಕತ್‌ನ ಒಂದು ಇಂಗ್ಲಿಷ್ ಮಾಸಿಕದಲ್ಲಿದ್ದೆ. ಊರಲ್ಲಿ ಹೊಸದಾಗಿ ಎಲ್ಲಿ ಊಟ ಚೆನ್ನ, ಯಾವ ಕಡಲದಂಡೆಗೆ ಮಕ್ಕಳನ್ನು ಕರೆದೊಯ್ಯಬಹುದು, ಯಾರ ಮನೆಯ ಸೋಫಾ ಯಾವ ಬಣ್ಣದ್ದು, ಇಂಥವೇ ಅದರ ಸುದ್ದಿ. ನನ್ನ ಕೆಲಸ ಪುಟ ವಿನ್ಯಾಸ. ಉಪಸಂಪಾದಕ ಕೆಲಸ ಬಿಟ್ಟು ಹೋದಾಗ ಅವನ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳದೆ, "ಸದ್ಯಕ್ಕೆ" ಎಂಬ ಒಂದೇ ಮಾತಿನ ಮೇಲೆ ತಲೆಬರಹ, ಚಿತ್ರಗಳ ಕೆಳಗಿನ ಬರಹ, ತಪ್ಪು ತಿದ್ದುವುದು ಎಲ್ಲವನ್ನೂ ನನ್ನ ಮೇಜಿಗೇ ತಳ್ಳಿದ್ದರು. ಆ "ಸದ್ಯಕ್ಕೆ" ವರ್ಷ ದಾಟಿತ್ತು.

ಕರೆಯ ವಿಷಯ ಇಷ್ಟು. ಆ ತಿಂಗಳ ಸಂಚಿಕೆ ಸಾಕುನಾಯಿಗಳ ಮೇಲೆ. ಮುಖಪುಟಕ್ಕೆ ಫೋಟೋ ತೆಗೆಸಿಕೊಂಡಿದ್ದ ಕುಟುಂಬವೊಂದು ಕೊನೆಗಳಿಗೆಯಲ್ಲಿ ಬೇಡ ಎಂದಿತ್ತು. ಒಳಪುಟದಲ್ಲಿ ಮಸ್ಕತ್‌ನ ಭಾರತೀಯ ವೈದ್ಯರೊಬ್ಬರು ಸಾಕಿದ ಮುಧೋಳ ನಾಯಿಯ ಕುರಿತು ಅರ್ಧ ಪುಟದ ಬರಹವಿತ್ತು. ಅದನ್ನೇ ಹಿಗ್ಗಿಸಿ ಮುಖಪುಟದ ಲೇಖನ ಮಾಡುವುದೆಂದು ಸಂಪಾದಕಿ ತೀರ್ಮಾನಿಸಿದ್ದರು. "ಆ ನಾಯಿ ನಿನ್ನ ಊರಿನದೇ ಅಲ್ಲವೇ? ಹೇಗೂ ಅಲ್ಲೇ ಇದ್ದೀಯ." ರಜೆಯ ಮಾತು ತೆಗೆಯುವಷ್ಟರಲ್ಲಿ ಆಕೆ ನನ್ನ ಕರಾರಿನ ನವೀಕರಣದ ಕಾಗದ ಮಾಲೀಕರ ಮೇಜಿನ ಮೇಲಿರುವುದನ್ನು ಮೆತ್ತಗೆ ನೆನಪಿಸಿದರು. ಅಲ್ಲಿ ಕೆಲಸ ಹೋದರೆ ವೀಸಾ ಹೋಗುತ್ತದೆ. ಆಯಿತು ಎಂದೆ.

ಮುದ್ರಣಕ್ಕೆ ವಾರವೂ ಉಳಿದಿರಲಿಲ್ಲ. ಮೊದಲು ಫೋಟೋಗ್ರಾಫರ್ ಬೇಕಿತ್ತು. ನನ್ನ ತಮ್ಮ ಜಮಖಂಡಿಯ ಒಂದು ಸ್ಟುಡಿಯೋ ಹೇಳಿದ. ಅದರ ಹುಡುಗ, ಹುಡುಗ ಅಂದರೆ ಎರಡು ಮಕ್ಕಳ ತಂದೆ, ಒಳ್ಳೆಯ ಕ್ಯಾಮೆರಾ ಇಟ್ಟಿದ್ದ. ಆದರೆ ಅವನ ಬದುಕೆಲ್ಲ ಮದುವೆಗೆ ಮುಂಚಿನ ಜೋಡಿಗಳ ಫೋಟೋದಲ್ಲೇ ಕಳೆದಿತ್ತು. ನಾನು ಹೋದಾಗ ಬೀಳಗಿ ಕಡೆಯ ಹಿನ್ನೀರಿನ ದಂಡೆಯಿಂದ ಆಗಷ್ಟೇ ಬಂದು ಲೆನ್ಸಿನ ಮರಳು ಒರೆಸುತ್ತ ಕುಳಿತಿದ್ದ.

ಕಾಗದದ ಮೇಲೆ ಪುಟ ಬರೆದು ತೋರಿಸಿದೆ. ಚಿತ್ರ ಉದ್ದುದ್ದಕ್ಕೆ ಬೇಕು. ಮೇಲೆ ಪತ್ರಿಕೆಯ ಹೆಸರು ಕೂರಲು ಖಾಲಿ ಜಾಗ. ಎಡಗಡೆ ಬರಹಕ್ಕೆ ಇನ್ನಷ್ಟು ಖಾಲಿ ಜಾಗ. ನಾಯಿಯ ಕಣ್ಣು ನಮ್ಮನ್ನು ನೋಡುತ್ತಿರಬೇಕು.

"ಹೊಗಿ ಬಿಡೂದೇನ್ರಿ ಅಕ್ಕಾರ? ಕೆಂಪಂದು ಅದ, ನೀಲಿ ಅದ."

"ಹೊಗಿ ಬ್ಯಾಡ."

"ಡ್ರೋನ್?"

"ಅದೂ ಬ್ಯಾಡಪ್ಪಾ. ಬರೇ ನಾಯಿ."

"ಬರೇ ನಾಯಿ," ಎಂದು ಅವನು ಹೇಳಿಕೊಂಡ. ಮುಖದಲ್ಲಿ ಉತ್ಸಾಹ ಇಳಿದಿದ್ದು ಕಂಡಿತು.

ನಾಯಿಗೆ ತೊಂದರೆಯಿರಲಿಲ್ಲ. ಮುಧೋಳದಿಂದ ತಿಮ್ಮಾಪುರದ ಹಾದಿ ಹಿಡಿದರೆ ಕಬ್ಬಿನ ನಡುವೆ ನಮ್ಮಪ್ಪನ ಸ್ನೇಹಿತರೊಬ್ಬರ ತೋಟದ ಮನೆ. ಅವರು ಸದಾ ರಾಜಕೀಯದ ಓಡಾಟದಲ್ಲಿ ಇರುತ್ತಿದ್ದರಿಂದ ನಾಯಿಗಳದು ಪೂರ್ತಿ ಅವರ ಹೆಂಡತಿಯ ಕಾರಭಾರ. ನಾವು ಮಕ್ಕಳೆಲ್ಲ ಆಕೆಯನ್ನು ಕಾಕು ಎಂದೇ ಕರೆಯುವುದು. ಐವತ್ತೈದು ದಾಟಿದ, ಗಟ್ಟಿ ಧ್ವನಿಯ ಹೆಂಗಸು. ಯಾವ ಮರಿ ಯಾರಿಗೆ ಕೊಡಬೇಕು ಎಂಬುದನ್ನು ಬಂದವರ ಮುಖ ನೋಡಿ ತೀರ್ಮಾನಿಸುವವರು. ಕಾರು ತಂದು ನಿಲ್ಲಿಸಿದವರನ್ನೂ ಚಹಾ ಕುಡಿಸಿ ಬರಿಗೈಯಲ್ಲಿ ಕಳಿಸಿದ್ದುಂಟು.

ಮುಂಜಾನೆ ನಾವು ಹೋದಾಗ ಕಾಕು ಇಳಕಲ್ ಸೀರೆ ಉಟ್ಟು, ಇದ್ದ ಬಂಗಾರವನ್ನೆಲ್ಲ ಹಾಕಿಕೊಂಡು, ಹೊಸ ಟೈಲ್ಸಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿ ಕುಳಿತಿದ್ದರು. ಪಕ್ಕದಲ್ಲಿ ಹರಣಿ. ಎಳೆ ಜೋಳದ ಬಣ್ಣದ ಹೆಣ್ಣು ನಾಯಿ. ನೀಳ ಮುಖ, ಆಳವಾದ ಎದೆ, ಬೆನ್ನಿಗೇ ಅಂಟಿಕೊಂಡಂಥ ಹೊಟ್ಟೆ. ಕೊರಳಲ್ಲಿ ಚೆಂಡುಹೂವಿನ ಮಾಲೆ, ಹಣೆಗೆ ಕುಂಕುಮ.

"ಕಾಕೂ, ಹಾರ ತಗೀಬೇಕಲ್ಲ," ಎಂದೆ.

"ಯಾಕಬೇ? ಹೊರದೇಶಕ್ಕ ಹೊಂಟೈತಿ ಫೋಟೋ. ಬರಿಗೊಳ್ಳಿಲೆ ಕಳಸೂದೇನು?"

ಹಾರ ತೆಗೆಸಲು ಅರ್ಧ ಗಂಟೆ ಹಿಡಿಯಿತು. ಟೈಲ್ಸಿನ ಕಟ್ಟೆಯಿಂದ ಹೊಲದ ಬದುವಿಗೆ ಬರಲು ಇನ್ನಷ್ಟು. ಸಂಪಾದಕಿ ಮಣ್ಣಿನ ಗೋಡೆ ಕೇಳಿದ್ದರು. ಹಾಗೆಂದಾಗ ಕಾಕು ನನ್ನನ್ನು ನೋಡಿದ ನೋಟಕ್ಕೆ ಆ ಮಾತನ್ನು ಅಲ್ಲಿಗೇ ಬಿಟ್ಟೆ. ಇದೆಲ್ಲ ಮುಗಿದು ಕ್ಯಾಮೆರಾ ಎತ್ತುವ ಹೊತ್ತಿಗೆ ಹರಣಿ ನಮಗೆ ಬೆನ್ನು ತಿರುಗಿಸಿ ನಿಂತಿತು. ಈ ಜಾತಿಯ ನಾಯಿಗೆ ಹೊರಗಿನವರೆಂದರೆ ಅಷ್ಟಕ್ಕಷ್ಟೆ. ಕಚ್ಚುವುದಿಲ್ಲ, ಬಾಲ ಅಲ್ಲಾಡಿಸುವುದೂ ಇಲ್ಲ. ಫೋಟೋಗ್ರಾಫರ್ ಸಿಳ್ಳೆ ಹೊಡೆದ, ಬಿಸ್ಕೀಟು ತೋರಿಸಿದ, ಬೆಕ್ಕಿನ ಹಾಗೆ ಕೂಗಿದ. ಹರಣಿ ದೂರದ ಕಬ್ಬು ನೋಡುತ್ತ ನಿಂತಿತ್ತು. ಒಮ್ಮೆ ತಿರುಗಿತು ಎನ್ನುವಾಗ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರು ದೊಡ್ಡ ಸ್ಪೀಕರಿನಲ್ಲಿ ಹಾಡು ಹಚ್ಚಿಕೊಂಡು ಬಂತು. ನಾಯಿ ಮನೆಯ ಹಿಂದೆ ಹೋಯಿತು. ಟ್ರ್ಯಾಕ್ಟರು ಹೋಯಿತು, ನಾಯಿ ಬಂತು, ಇನ್ನೊಂದು ಟ್ರ್ಯಾಕ್ಟರು ಬಂತು.

ಅಂತೂ ಬಿಸಿಲು ಏರುವುದರೊಳಗೆ ಒಂದು ಚಿತ್ರ ಸಿಕ್ಕಿತು. ಬದುವಿನ ಮೇಲೆ ಅಡ್ಡಲಾಗಿ ನಿಂತ ಹರಣಿ, ಕೊರಳು ಎತ್ತಿ ಮುಖ ಮಾತ್ರ ನಮ್ಮ ಕಡೆ ತಿರುಗಿಸಿದ್ದು. ಬೆಳಕು ಪಕ್ಕದಿಂದ ಬಿದ್ದು ಮೈಯ ಒಂದೊಂದು ಗೆರೆಯೂ ಕಾಣುತ್ತಿತ್ತು. ನನಗೆ ಕುಣಿಯಬೇಕೆನಿಸಿತು.

ನಮ್ಮ ಮನೆಯ ನೆಟ್‌ವರ್ಕ್‌ಗೆ ಅಷ್ಟು ದೊಡ್ಡ ಫೈಲು ಹತ್ತುವುದಿಲ್ಲ. ಸ್ಟುಡಿಯೋದಲ್ಲೇ ಕುಳಿತು ಕಳಿಸಿದೆ. ಚಹಾ ತರಿಸುವಷ್ಟರಲ್ಲಿ ಉತ್ತರ ಬಂತು: "ಈ ನಾಯಿಗೆ ಊಟ ಹಾಕುವುದಿಲ್ಲವೇ? ಪಕ್ಕೆಲುಬು ಕಾಣುತ್ತಿದೆ."

ನಾನು ಫೋನು ಮಾಡಿ ವಿವರಿಸಿದೆ. ಇದು ಓಡಿ ಬೇಟೆಯಾಡಲೆಂದೇ ಬಂದ ತಳಿ, ಆರೋಗ್ಯವಾಗಿರುವ ಮುಧೋಳ ನಾಯಿಯ ಕೊನೆಯ ಪಕ್ಕೆಲುಬುಗಳೂ ಸೊಂಟದ ಎಲುಬೂ ಕಾಣುವುದೇ ಸರಿ, ಕಾಣದಿದ್ದರೆ ಅದು ಕೊಬ್ಬಿದೆ ಎಂದು ಅರ್ಥ. ಸಂಪಾದಕಿ ಸಮಾಧಾನದಿಂದಲೇ ಕೇಳಿಸಿಕೊಂಡರು. ಕೆಟ್ಟವರಲ್ಲ ಆಕೆ. ಅದೇ ನನಗೆ ಹೆಚ್ಚು ಸಿಟ್ಟು ತರಿಸುತ್ತಿತ್ತು. "ನಾನು ನಿನ್ನನ್ನು ನಂಬುತ್ತೇನೆ," ಅಂದರು. "ಓದುಗರು ನಂಬುವುದಿಲ್ಲ. ಪ್ರಾಣಿಹಿಂಸೆ ಎಂದು ಬರೆಯುತ್ತಾರೆ, ಜಾಹೀರಾತು ಕೊಟ್ಟವರು ಹೆದರುತ್ತಾರೆ. ಸ್ವಲ್ಪ ತುಂಬಿಸು. ನಿನಗೆ ಎಷ್ಟು ಹೊತ್ತಿನ ಕೆಲಸ ಅದು?"

ಹೊತ್ತಿನ ಮಾತಾದರೆ ನಿಜ, ಹೆಚ್ಚು ಬೇಕಿಲ್ಲ. ದಿನಾ ಮಾಡುವುದೇ. ಹೋಟೆಲಿನ ಬಾಣಸಿಗರ ಹೊಟ್ಟೆ ಕರಗಿಸಿದ್ದೇನೆ, ಬಾಡಿದ ಸೊಪ್ಪಿಗೆ ಹಸಿರು ಬಳಿದಿದ್ದೇನೆ. ಪಕ್ಕದ ಚರ್ಮದಿಂದ ಬಣ್ಣ ಎತ್ತಿ ಪಕ್ಕೆಲುಬಿನ ನೆರಳುಗಳ ಮೇಲೆ ಹಚ್ಚಿದೆ. ಹೊಟ್ಟೆಯ ಗೆರೆಯನ್ನು ಸಾಫ್ಟ್‌ವೇರ್‌ನಲ್ಲಿ ಹಿಡಿದು ಕೂದಲಷ್ಟು, ಇನ್ನೂ ಕೂದಲಷ್ಟು ಕೆಳಗೆ ಎಳೆದೆ. ಹೊಟ್ಟೆ ಇಳಿದ ಕೂಡಲೇ ಕಾಲುಗಳು ಕಡ್ಡಿಯಾಗಿ ಕಂಡವು. ಕಾಲು ದಪ್ಪ ಮಾಡಿದೆ. ಕಾಲಿಗೆ ಕತ್ತು ಹೊಂದಲಿಲ್ಲ. ಕತ್ತು ತುಂಬಿದೆ. ಫೋಟೋಗ್ರಾಫರ್ ನನ್ನ ಹಿಂದೆ ಬಂದು ನಿಂತು ನೋಡಿದ.

"ಅಕ್ಕಾರ, ನಿಮ್ಮ ತಂಗೀ ಜೋಡಿ ಇದಕ್ಕೂ ಕುಬಸಾ ಮಾಡಿಬಿಡ್ರಿ," ಅಂದ.

ನಗು ಬರಲಿಲ್ಲ. ಏಕೆಂದರೆ ನಾಯಿ ಖರೆಯೇ ಬಸುರಿಯ ಹಾಗೆ ಕಾಣುತ್ತಿತ್ತು. ಹೊಟ್ಟೆ ಸ್ವಲ್ಪ ಕರಗಿಸಿ, ಸಂಪಾದಕಿಗೆ ನೋಡಲೆಂದು ಮುದ್ರಣಕ್ಕೆ ಸಾಲದ ಸಣ್ಣ ಪ್ರತಿ ಕಳಿಸಿದೆ. "ತುಂಬಾ ಚೆಂದ!" ಎಂದು ಬಂತು. ಪಕ್ಕದಲ್ಲಿ ಒಂದು ಹೃದಯದ ಚಿತ್ರ.

ಇತ್ತ ಫೋಟೋಗ್ರಾಫರ್ ಅದೇ ಚಿತ್ರವನ್ನು ಕಾಕು ಅವರ ವಾಟ್ಸ್ಯಾಪಿಗೆ ದಾಟಿಸಿದ್ದ. ಯಾಕೆ ಎಂದು ಕೇಳಿದರೆ, "ಗಿರಾಕಿಗೆ ತೋರಸ್ಬೇಕಲ್ರಿ," ಅಂದ. ಮದುವೆಯ ರೂಢಿ. ನಾನು ಬನಹಟ್ಟಿಯ ಮನೆ ಮುಟ್ಟುವಷ್ಟರಲ್ಲಿ ಕಾಕು ಅವರ ಫೋನು.

"ತಂಗಿ, ಇದು ಯಾರ ನಾಯಿ?"

"ಹರಣಿನ ಕಾಕೂ. ಸ್ವಲ್ಪ..."

"ಹರಣಿ ನನ್ನ ಕೈಯಾಗ ಹುಟ್ಟೇತಿ. ನನಗ ಹೇಳಬ್ಯಾಡ ಹರಣಿ ಅಂತ. ಈ ಫೋಟೋ ಹೊರಗ ಬಂದ್ರ ಏನ ಅಂತಾರ ಗೊತ್ತೈತೇನ? ಬೆರಕಿ ಮಾಡ್ಯಾಳ ಅಂತಾರ. ನಾಟಿ ನಾಯಿ ಹೆಸರಿಲೆ ಬ್ಯಾರೇ ಏನರ ಮಾರಾಕತ್ತಾಳ ಅಂತಾರ. ನಮ್ಮತ್ತಿ ಕಾಲದಿಂದ ಕಾಯ್ಕೊಂಡು ಬಂದ ಜಾತಿ ಇದು."

"ಓದುವವರಿಗೆ ತಿಳಿಯೂದಿಲ್ಲ ಕಾಕೂ, ಉಪವಾಸ ಕೆಡವ್ಯಾರ ಅಂತ ತಿಳ್ಕೊತಾರ."

"ತಿಳೀದಿದ್ರ ತಿಳಿಸಿ ಹೇಳಾಕ ನಿನ್ನ ಇಟ್ಕೊಂಡಾರೋ, ಇಲ್ಲೋ? ಹಾಕಬ್ಯಾಡ ನೋಡು ಆ ಫೋಟೋ. ಯಾವದೂ ಹಾಕಬ್ಯಾಡ." ಫೋನು ಇಟ್ಟರು.

ಈಗ ಅಲ್ಲಿ ಒಪ್ಪಿಗೆಯಾದ ಚಿತ್ರಕ್ಕೆ ಇಲ್ಲಿ ಒಪ್ಪಿಗೆಯಿರಲಿಲ್ಲ, ಇಲ್ಲಿ ಒಪ್ಪುವ ಚಿತ್ರ ಅಲ್ಲಿ ಬೇಡವಾಗಿತ್ತು. ಸಂಪಾದಕಿಗೆ ಹೇಳಿದೆ. ಹೃದಯದ ಚಿತ್ರ ಮಾಯವಾಗಿ ಧ್ವನಿ ತೆಳುವಾಯಿತು. ತುಂಬಿಸಿದ ನಾಯಿ ಕಳಿಸು, ಇಲ್ಲವಾದರೆ ಹೋಟೆಲೊಂದು ಕಳಿಸಿದ ಐಸ್‌ಕ್ರೀಮಿನ ಚಿತ್ರ ಮುಖಪುಟಕ್ಕೆ ಹೋಗುತ್ತದೆ, ಮಾಲೀಕರಿಗೆ ಕಾರಣ ನೀನೇ ಬರೆದು ಕೊಡು ಅಂದರು.

ಅಂದು ಮನೆಯಲ್ಲಿ ಮರುದಿನ ಸಂಜೆಯ ಕುಬಸಕ್ಕೆ ಹೂರಣ ಅರೆಯುತ್ತಿದ್ದರು. ಅವ್ವ ಒಂದು ಕಡೆಯಿಂದ ಬಳೆಗಾರನಿಗೆ ಹೇಳಿ ಕಳಿಸಿದಿರೇನು ಅನ್ನುತ್ತಿದ್ದಳು. ನಾನು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಎರಡು ಚಿತ್ರಗಳನ್ನೂ ಅಕ್ಕಪಕ್ಕ ತೆರೆದು ಕುಳಿತೆ. ಬಾಡಿದ ಸೊಪ್ಪಿಗೆ ಹಸಿರು ಬಳಿದಾಗ ಸೊಪ್ಪು ಬೆಳೆದವನು ಫೋನು ಮಾಡಿರಲಿಲ್ಲ. ಅದಕ್ಕೇ ಇಷ್ಟು ದಿನ ಆ ಕೆಲಸ ಹಗುರಾಗಿ ಕಂಡಿತ್ತೇನೋ. ಕಾಕು ಅವರ ಮಾತಿನಲ್ಲಿ ಜಂಬ ಇತ್ತು, ಹಟ ಇತ್ತು. ಆದರೂ ಒಂದು ಮಾತು ನಾಟಿತು. ತಿಳಿಸಿ ಹೇಳಲೆಂದು ನನ್ನನ್ನು ಇಟ್ಟುಕೊಂಡಿದ್ದರೆ ತಿಳಿಸಿ ಹೇಳಬೇಕು. ವಿನ್ಯಾಸದ ಕುರ್ಚಿಯಲ್ಲಿ ಕುಳಿತು ಪಕ್ಕೆಲುಬು ಒರೆಸಿ, ಆಮೇಲೆ ಬರಹದ ಕುರ್ಚಿಗೆ ಜರುಗಿ "ಚಿರತೆಯಂಥ ಮೈಕಟ್ಟು" ಎಂದು ಕೆಳಗೆ ಬರೆಯುವುದು ನನ್ನಿಂದ ಆಗದು ಅನ್ನಿಸಿತು. ತುಂಬಿಸಿದ ಫೈಲನ್ನು ಅಳಿಸಿಬಿಟ್ಟೆ. ಉಳಿಸಿಕೊಂಡಿದ್ದರೆ ಕೊನೆಗೆ ಅದನ್ನೇ ಕಳಿಸುತ್ತಿದ್ದೆ, ನನ್ನ ಮನಸ್ಸು ನನಗೆ ಗೊತ್ತು. ಸಂಪಾದಕಿಗೆ ಬರೆದೆ: ತಿದ್ದಿದ ಚಿತ್ರ ಇಲ್ಲ, ಇನ್ನೊಂದು ದಿನ ಕೊಡಿ, ಪಕ್ಕೆಲುಬಿನ ಪ್ರಶ್ನೆಯೇ ಏಳದ ಮುಖಪುಟ ಕೊಡುತ್ತೇನೆ. ಒಂದು ದಿನ ಎಂದು ಉತ್ತರ ಬಂತು. ಮುಂದೆ ಏನೂ ಇರಲಿಲ್ಲ.

ಯೋಚನೆ ಸರಳ. ಅಡ್ಡಲಾಗಿ ನಿಂತ ನಾಯಿಯನ್ನು ನೋಡುವವರು ಸಂತೆಯ ದನ ನೋಡಿದಂತೆ ಮೈ ಪರೀಕ್ಷೆ ಮಾಡುತ್ತಾರೆ. ಓಡುವ ನಾಯಿಯನ್ನು ಹಾಗೆ ನೋಡುವುದಿಲ್ಲ. ಆದರೆ ಓಟ ಅಡ್ಡ, ಮುಖಪುಟ ಉದ್ದ. ಹಾಗಾಗಿ ಎದುರಿನಿಂದ ತೆಗೆಯಬೇಕು, ನಾಯಿ ನೇರ ಕ್ಯಾಮೆರಾದತ್ತ ಓಡಿ ಬರಬೇಕು.

ಮರುದಿನ ನಸುಕಿನಲ್ಲೇ ತೋಟಕ್ಕೆ ಹೋದೆವು. ಕಾಕು ಚಹಾ ಕೊಟ್ಟರು, ಮುಖ ಕೊಡಲಿಲ್ಲ. ನಾನು ಅಳಿಸಿದ ಸಂಗತಿ ಹೇಳಿದೆ. ಬದುವಿನ ಚಿತ್ರವನ್ನು ಕೈ ಹಚ್ಚದೆ, ಪಕ್ಕೆಲುಬು ಸಮೇತ ಒಳಗೆ ಎರಡು ಪುಟ ಅಗಲ ಹಾಕುತ್ತೇನೆ, ಪಕ್ಕದಲ್ಲೇ ಯಾಕೆ ಹೀಗಿದೆ ಎಂದು ಬರೆಯುತ್ತೇನೆ ಎಂದೆ. ಹೊರಗಿನದಕ್ಕೆ ಹರಣಿ ಓಡಬೇಕು.

"ನಿನ್ನ ಮಾತಿಗೆ ಓಡ್ತೈತೇನದು? ನನ್ನ ಸ್ಕೂಟಿ ಜೋಡಿ ಮಾತ್ರ ಓಡೂದು." ಚಹಾದ ಕಪ್ಪು ಎತ್ತಿಕೊಂಡು, "ಮತ್ತ ನಾನೂ ಇರ್ತೀನಿ ಫೋಟೋದಾಗ. ನನ್ನ ಕತ್ತರಿಸಿ ತಗಿಯಾಕ ಇಲ್ಲ ನೋಡು," ಅಂದರು.

"ತಗಿಯೂದಿಲ್ಲ ಕಾಕೂ."

ಈ ಸಲ ಬಂಗಾರವಿಲ್ಲ, ದಿನಬಳಕೆಯ ಸೀರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಕೂಟಿ ಹತ್ತಿದರು. ಹಾಲು ಒಯ್ಯುವ ಮೂರು ಗಾಲಿಯ ಟಂಟಂ ಗಾಡಿಯ ಹಿಂಬದಿಯಲ್ಲಿ ಫೋಟೋಗ್ರಾಫರ್ ಬೋರಲು ಮಲಗಿದ. ಅವನು ಜಾರದ ಹಾಗೆ ನಾನು ಅವನ ಬೆಲ್ಟು ಹಿಡಿದು ಕುಳಿತೆ. ಕಬ್ಬು ಕಡಿದ ಹೊಲದ ನಡುವಿನ ದಾರಿ. ಮುಂದೆ ಟಂಟಂ, ಹಿಂದೆ ನಾಯಿ, ಅದರ ಹಿಂದೆ ಸ್ಕೂಟಿ ಎಂಬುದು ಏರ್ಪಾಡು.

ಮೊದಲ ಓಟದಲ್ಲಿ ಟಂಟಂ ಎಬ್ಬಿಸಿದ ಧೂಳಿನಲ್ಲಿ ಎಲ್ಲರೂ ಮಾಯವಾದೆವು. ಪೈಪು ತಂದು ದಾರಿಗೆಲ್ಲ ನೀರು ಹೊಡೆದೆವು. ಎರಡನೆಯ ಓಟದಲ್ಲಿ ಹರಣಿ ಸ್ಕೂಟಿಯ ಹಿಂದೆ ಉಳಿಯಿತು, ಬರೀ ಕಾಕು ಬಂದರು. ಮೂರನೆಯದರಲ್ಲಿ ನಾಯಿ ಮುಂದೆ ಬಂತು, ಬಂದದ್ದು ನಿಲ್ಲದೆ ಟಂಟಂ ಅನ್ನೂ ದಾಟಿ ಹೋಗಿ ತಿರುವಿನಲ್ಲಿ ನಿಂತು ನಮ್ಮನ್ನು ಕಾಯಿತು. "ಗಾಡಿ ಸಾಲೂದಿಲ್ರಿ ಅಕ್ಕಾರ," ಎಂದು ಕ್ಯಾಮೆರಾದ ಹಿಂದಿನಿಂದ ಧ್ವನಿ ಬಂತು. ಆಮೇಲೆ ಟಂಟಂ ಅನ್ನು ನಿಲ್ಲಿಸಿಯೇ ಬಿಟ್ಟೆವು. ಕಾಕು ನಾಯಿಯೊಡನೆ ದಾರಿಯ ಆ ತುದಿಗೆ ಹೋಗಿ ಅಲ್ಲಿಂದ ಬಂದರು. ಫೋಟೋಗ್ರಾಫರ್ ನೆಲಕ್ಕೆ ಮುಖ ತಾಗುವಷ್ಟು ಕೆಳಗಿನಿಂದ, ಶಟರಿನ ವೇಗ ಏರಿಸಿ, ಒತ್ತಿದ ಬೆರಳು ಎತ್ತದೆ ತೆಗೆದ. ಹರಣಿ ಕೊನೆಗೆ ಅವನ ತಲೆಯ ಮೇಲಿಂದಲೇ ಹಾರಿಹೋಯಿತು.

ಕ್ಯಾಮೆರಾದ ಪರದೆಯ ಮೇಲೆ ಒಂದೊಂದಾಗಿ ಸರಿಸುತ್ತ ಹೋದವನು ಒಂದೆಡೆ ತಡೆದ. ನಾಲ್ಕೂ ಕಾಲು ನೆಲ ಬಿಟ್ಟ ಹರಣಿ, ಕಿವಿ ಹಿಂದಕ್ಕೆ, ಕಣ್ಣು ನೇರ ನಮ್ಮ ಮೇಲೆ. ಅದರ ಹಿಂದೆ, ಸ್ವಲ್ಪ ಮೇಲೆ, ಸ್ಕೂಟಿಯ ಮೇಲೆ ಬಾಯ್ತುಂಬ ನಗುತ್ತಿದ್ದ ಕಾಕು. "ಹೊಗಿ ಬ್ಯಾಡ ಅಂದದ್ದು ಛಲೋ ಆತ್ರಿ," ಎಂದಷ್ಟೇ ಅವನು ಅಂದ.

ಸಂಪಾದಕಿಗೆ ನಾಯಿ ಹಿಡಿಸಿತು. "ಆದರೆ ಆ ಹೆಂಗಸು ಯಾರು? ತೆಗೆದುಬಿಡು." ತೆಗೆಯಲಾಗದು ಎಂದೆ. ಆಕೆಯ ತಲೆ ಸರಿಯಾಗಿ ಪತ್ರಿಕೆಯ ಹೆಸರು ಕೂರುವಲ್ಲೇ ಬರುತ್ತದೆ ಎಂದರು. ಅದೂ ನಿಜ. ಹೆಸರನ್ನು ತಲೆಯ ಹಿಂದಕ್ಕೆ ಸರಿಸಿದೆ. ಅಕ್ಷರಗಳ ಮುಂದೆ ಕಾಕು ಅವರ ತಲೆ ಬರುವ ಹಾಗೆ, ಕೂದಲ ಅಂಚನ್ನು ಎಳೆಎಳೆಯಾಗಿ ಬಿಡಿಸಿ ಕತ್ತರಿಸಿದೆ. ನಡುವಿನ ಒಂದು ಅಕ್ಷರ ಪೂರ್ತಿ ಮುಚ್ಚಿತು. ಮಾಲೀಕರು ತಮ್ಮ ಪತ್ರಿಕೆಯ ಅಕ್ಷರದ ಮೇಲೆ ಯಾವ ಮಂತ್ರಿಯ ತಲೆಯೂ ಬಂದಿಲ್ಲ ಎಂದರಂತೆ. ಚಿತ್ರವನ್ನು ಬೆರಳಷ್ಟು ಇಳಿಸಿದೆ. ಅರ್ಧ ಅಕ್ಷರ ಇಣುಕಿತು. ಅಷ್ಟಕ್ಕೆ ಒಪ್ಪಿಗೆಯಾಯಿತು. ಒಳಗಿನ ಎರಡು ಪುಟದಲ್ಲಿ ಹರಣಿಯ ಸೊಂಟ ಸರಿಯಾಗಿ ಪುಟದ ಮಡಿಕೆಗೆ ಬಂದು, ಇದ್ದ ಸಣ್ಣ ಹೊಟ್ಟೆಯೂ ಹೊಲಿಗೆಯಲ್ಲಿ ಮುಚ್ಚಿಹೋಗುತ್ತಿತ್ತು. ಇಡೀ ಚಿತ್ರವನ್ನು ಬಲಕ್ಕೆ ಜರುಗಿಸಿದೆ. ಪಕ್ಕೆಲುಬುಗಳ ಪಕ್ಕ, ಇದು ಹಸಿದ ನಾಯಿಯಲ್ಲ ಎಂಬ ಸಾಲಿನಿಂದಲೇ ಬರಹ ಆರಂಭಿಸಿದೆ. ಆ ಸಾಲನ್ನು ಸಂಪಾದಕಿ ಮೂರು ಸಲ ಹೊಡೆದುಹಾಕಿದರು, ನಾನು ಮೂರು ಸಲ ತಿರುಗಿ ಬರೆದೆ. ನಾಲ್ಕನೆಯ ಸಲ ಅವರಿಗೂ ಬೇಸರ ಬಂದಿರಬೇಕು.

ಸಂಜೆ ಕುಬಸದಲ್ಲಿ ಬಳೆ ತೊಡಿಸುವ ಹೊತ್ತಿಗೆ ಪುಟಗಳು ಮುದ್ರಣಕ್ಕೆ ಹೋದವು. ತಂಗಿಯ ಪಕ್ಕ ಕುಳಿತು ನಾನೂ ಕೈ ಚಾಚಿದೆ. ಕರಾರು ಒಂದು ವರ್ಷಕ್ಕೆ ಮುಂದುವರಿಯಿತು. "ಸದ್ಯಕ್ಕೆ" ಎಂಬ ಮಾತು ಅದರಲ್ಲೂ ಇತ್ತು.

ಸಂಚಿಕೆ ಹೊರಬಂದಾಗ ನಾನು ಮಸ್ಕತ್‌ಗೆ ಮರಳಿದ್ದೆ. ಓದುಗರ ಪತ್ರಗಳನ್ನು ನೋಡುವ ಕೆಲಸವೂ ನನ್ನದೇ ಆದ್ದರಿಂದ ಎದೆ ಗಟ್ಟಿ ಮಾಡಿಕೊಂಡು ತೆರೆದೆ. ಪಕ್ಕೆಲುಬಿನ ಬಗ್ಗೆ ಒಬ್ಬರೂ ಬರೆದಿರಲಿಲ್ಲ. ಉಳಿದಂತೆ ಪತ್ರಗಳಿಗೆ ಕೊರತೆಯಿರಲಿಲ್ಲ. ಎಲ್ಲರದೂ ಒಂದೇ ತಕರಾರು: ಮುಖಪುಟದ ಹೆಂಗಸು ಹೆಲ್ಮೆಟ್ ಹಾಕಿಲ್ಲ, ಜವಾಬ್ದಾರಿಯುತ ಪತ್ರಿಕೆಯೊಂದು ಇಂಥ ಮಾದರಿ ತೋರಿಸುವುದು ಸರಿಯೇ.

ಕಾಕು ಅವರಿಗೆ ಫೋನು ಮಾಡಿದೆ. ಪ್ರತಿ ತಲುಪಿತ್ತು, ಮುಧೋಳದಲ್ಲಿ ಆಕೆ ಅದನ್ನು ತೋರಿಸದೆ ಬಿಟ್ಟವರು ಯಾರೂ ಇರಲಿಲ್ಲವಂತೆ. ಹೆಲ್ಮೆಟ್ಟಿನ ವಿಷಯ ಹೇಳಿದೆ.

"ನನ್ನ ಹೊಲದಾಗ ನಾ ಯಾಕ ಹಾಕ್ಕೊಳ್ಲಿ ಬೇ," ಅಂದರು. "ಹಾಕ್ಕೊಂಡಿದ್ರ ನಾನ ಅಂತ ಯಾರಿಗೆ ತಿಳೀತಿತ್ತು?"

ಮುಂದಿನ ಸಂಚಿಕೆಯಲ್ಲಿ ಕ್ಷಮೆ ಕೇಳಬೇಕೆಂದು ಸಂಪಾದಕಿ ಹೇಳಿದರು. ಉಪಸಂಪಾದಕಿಯಾಗಿ ಆ ಕ್ಷಮೆಯನ್ನು ಬರೆದೆ. ವಿನ್ಯಾಸಕಿಯಾಗಿ ಅದನ್ನು ಎಷ್ಟು ಸಣ್ಣ ಅಕ್ಷರದಲ್ಲಿ ಕೂರಿಸಬಹುದೋ ಅಷ್ಟು ಸಣ್ಣ ಅಕ್ಷರದಲ್ಲಿ ಪುಟದ ತಳಕ್ಕೆ ಕೂರಿಸಿದೆ.